‘ಇಫ್’ ಒಂದರಿಂದಲೇ ಕಚೇರಿ ನಡೆಯದು: ಕೇಂಬ್ರಿಡ್ಜ್ ಡಿಕ್ಷನರಿಯ ವ್ಯಾಕರಣ ವಿಭಾಗ, ಒಂದು ವಿಮರ್ಶೆ

ಮುಂಗಡ ಹಣ ಬಂದರೆ ಸರಕು ಕಳಿಸುತ್ತೇವೆ, ಮಂಜೂರಾತಿ ಸಿಗದ ಹೊರತು ಕೆಲಸ ಆರಂಭಿಸುವುದಿಲ್ಲ, ದಾಖಲೆಗಳು ಸರಿಯಿದ್ದಲ್ಲಿ ಮಾತ್ರ ನೇಮಕಾತಿ ಊರ್ಜಿತವಾಗುತ್ತದೆ. ಕಚೇರಿಯ ಪತ್ರವ್ಯವಹಾರದಲ್ಲಿ ಇಂಥ ಷರತ್ತಿನ ವಾಕ್ಯಗಳಿಲ್ಲದ ದಿನವೇ ಇರುವುದಿಲ್ಲ. ಕನ್ನಡದಲ್ಲಿ ಬರೆಯುವಾಗ ನಾವು ‘ದರೆ’, ‘ದಲ್ಲಿ’, ‘ಹೊರತು’, ‘ಒಳಪಟ್ಟು’, ‘ತಪ್ಪಿದಲ್ಲಿ’ ಎಂದು ಸಂದರ್ಭಕ್ಕೆ ತಕ್ಕಂತೆ ಸಲೀಸಾಗಿ ಬದಲಾಯಿಸಿಕೊಳ್ಳುತ್ತೇವೆ. ಅದೇ ನಾವು ಇಂಗ್ಲಿಷಿಗೆ ಹೊರಳಿದ ಕೂಡಲೇ ಎಲ್ಲಕ್ಕೂ ‘ಇಫ್’ ಒಂದನ್ನೇ ಬಳಸತೊಡಗುತ್ತೇವೆ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಆದರೆ ಗ್ರಾಹಕರಿಗೆ ಬರೆದ ಸೌಜನ್ಯದ ಸಾಲು, ಗುತ್ತಿಗೆದಾರರಿಗೆ ಬರೆದ ಎಚ್ಚರಿಕೆ, ಒಪ್ಪಂದದಲ್ಲಿ ಹಾಕಿದ ಕಟ್ಟುಪಾಡು ಮೂರೂ ಒಂದೇ ದನಿಯಲ್ಲಿ ಕೇಳಿಸುವುದರಿಂದ, ಓದುವವರಿಗೆ ನಮ್ಮ ಷರತ್ತು ಎಷ್ಟು ಬಿಗಿಯಾದದ್ದು ಎಂಬುದೇ ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಲು ಕೆಲಸದಲ್ಲಿರುವ ಕನ್ನಡಿಗರಿಗೆ ನಾನು ಮೊದಲು ತೋರಿಸುವುದು ಕೇಂಬ್ರಿಡ್ಜ್ ಡಿಕ್ಷನರಿಯ ಜಾಲತಾಣದಲ್ಲಿರುವ ‘ಗ್ರಾಮರ್’ ವಿಭಾಗವನ್ನು. ಬಹಳ ಜನ ಈ ತಾಣಕ್ಕೆ ಪದದ ಅರ್ಥ ಅಥವಾ ಉಚ್ಚಾರಣೆ ನೋಡಲು ಹೋಗುತ್ತಾರೆ, ನೋಡಿ ಹಿಂದಿರುಗುತ್ತಾರೆ. ಅದೇ ತಾಣದಲ್ಲಿ ಒಂದು ಪೂರ್ಣ ವ್ಯಾಕರಣ ಉಚಿತವಾಗಿ ದೊರೆಯುತ್ತದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಇದರ ಹಿಂದಿರುವ ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ 1534ರಲ್ಲಿ ಎಂಟನೆಯ ಹೆನ್ರಿಯಿಂದ ಮುದ್ರಣದ ಸನ್ನದು ಪಡೆದ ಸಂಸ್ಥೆ. 2021ರಲ್ಲಿ ಅದು ಪರೀಕ್ಷೆಗಳನ್ನು ನಡೆಸುವ ಕೇಂಬ್ರಿಡ್ಜ್ ಅಸೆಸ್‌ಮೆಂಟ್ ಜೊತೆ ವಿಲೀನವಾಯಿತು. ಜನರು ನಿಜವಾಗಿ ಆಡಿದ ಮತ್ತು ಬರೆದ ಇಂಗ್ಲಿಷಿನ ದೊಡ್ಡ ಪಠ್ಯಸಂಚಯವನ್ನು ಆಧರಿಸಿ ಈ ವ್ಯಾಕರಣವನ್ನು ಕಟ್ಟಲಾಗಿದೆ. ಆದ್ದರಿಂದಲೇ ‘ಇದು ಮಾತಿನಲ್ಲಿ ಹೆಚ್ಚು, ಇದು ಬರಹದಲ್ಲಿ ಹೆಚ್ಚು, ಇದು ಔಪಚಾರಿಕ’ ಎಂಬ ಸೂಚನೆಗಳು ಇದರಲ್ಲಿ ಉದ್ದಕ್ಕೂ ಸಿಗುತ್ತವೆ. ನಮ್ಮ ಶಾಲಾ ವ್ಯಾಕರಣಗಳು ಷರತ್ತಿನ ವಾಕ್ಯಗಳನ್ನು ಮೊದಲನೆಯ, ಎರಡನೆಯ, ಮೂರನೆಯ ಮಾದರಿ ಎಂದು ವಿಂಗಡಿಸಿ, ಖಾಲಿ ಜಾಗ ತುಂಬಿಸಿ ಮುಗಿಸುತ್ತವೆ. ಯಾವ ರೂಪವನ್ನು ಯಾರ ಮುಂದೆ ಬಳಸಬೇಕು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಈ ವಿಭಾಗಕ್ಕೆ ನಾನು ಹೆಚ್ಚಿನ ಅಂಕ ಕೊಡುವುದು ಆ ಪ್ರಶ್ನೆಯನ್ನು ಅದು ಎತ್ತಿಕೊಳ್ಳುತ್ತದೆ ಎಂಬ ಕಾರಣಕ್ಕೆ.

ನಮಗೆ ಬೇಕಾದ ಪುಟದ ಹೆಸರು ‘ಕಂಡಿಷನಲ್ಸ್: ಅದರ್ ಎಕ್ಸ್‌ಪ್ರೆಶನ್ಸ್’. ‘ಅನ್‌ಲೆಸ್’, ವಾಕ್ಯದ ಮೊದಲಿಗೆ ಬರುವ ‘ಶುಡ್’ ಮತ್ತು ‘ಹ್ಯಾಡ್’, ‘ವರ್ ಟು’, ‘ಆ್ಯಸ್ ಲಾಂಗ್ ಆ್ಯಸ್’ ಮತ್ತು ಅದರ ಬಳಗ, ‘ಆರ್’ ಮತ್ತು ‘ಅದರ್‌ವೈಸ್’, ‘ಸಪೋಸಿಂಗ್’ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಪುಟ ಚಿಕ್ಕದು, ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಆದರೆ ಅದರ ಒಂದೊಂದು ಸಾಲಿನ ಹಿಂದೆಯೂ ಕಚೇರಿಯ ಬರಹಕ್ಕೆ ಸಂಬಂಧಿಸಿದ ದೊಡ್ಡ ವಿಚಾರಗಳಿವೆ. ಅವುಗಳನ್ನು ನಮ್ಮ ಕೆಲಸದ ಉದಾಹರಣೆಗಳ ಜೊತೆ ಇಟ್ಟು ನೋಡಿದಾಗಲೇ ಪುಟದ ಬೆಲೆ ತಿಳಿಯುವುದು.

‘ಅನ್‌ಲೆಸ್’ ಪದವನ್ನೇ ಮೊದಲು ತೆಗೆದುಕೊಳ್ಳೋಣ. ಇದಕ್ಕೆ ತಾಣ ಕೊಡುವ ಅರ್ಥ ‘ಎಕ್ಸೆಪ್ಟ್ ಇಫ್’ ಎಂಬುದು, ಅಂದರೆ ನಮ್ಮ ‘ಹೊರತು’. ‘ಇಫ್ ನಾಟ್’ ಎಂಬುದರ ಬದಲಿಗೆ ಎಲ್ಲ ಕಡೆಯೂ ಇದನ್ನು ಹಾಕಬಹುದು ಎಂದು ನಮ್ಮಲ್ಲಿ ಅನೇಕರು ಕಲಿತಿದ್ದಾರೆ. ಅದು ಪೂರ್ತಿ ಸರಿಯಲ್ಲ. ‘ವಿ ವಿಲ್ ಪ್ರೊಸೀಡ್ ಅನ್‌ಲೆಸ್ ಯು ಆಬ್ಜೆಕ್ಟ್ ಬೈ ಫ್ರೈಡೇ’ ಎಂದು ಬರೆದರೆ, ಕೆಲಸ ಮುಂದುವರಿಯುವುದೇ ನಿಶ್ಚಯ, ನಿಮ್ಮ ಆಕ್ಷೇಪವೊಂದೇ ಅದನ್ನು ತಡೆಯಬಲ್ಲದು ಎಂದಾಗುತ್ತದೆ. ಇಲ್ಲಿ ಮೌನವೇ ಸಮ್ಮತಿ. ‘ಇಫ್ ಯು ಡು ನಾಟ್ ಆಬ್ಜೆಕ್ಟ್, ವಿ ವಿಲ್ ಪ್ರೊಸೀಡ್’ ಎಂದರೆ ತೂಕ ಬೇರೆ. ಅಲ್ಲಿ ಮುಂದಿನ ಹೆಜ್ಜೆ ಎದುರಿನವರ ನಿರ್ಧಾರಕ್ಕೆ ಕಾದಿರುವಂತೆ ತೋರುತ್ತದೆ. ಇನ್ನು ‘ಅವರು ಬಾರದಿದ್ದರೆ ನನಗೆ ಆಶ್ಚರ್ಯ’ ಎಂಬ ಬಗೆಯ ವಾಕ್ಯದಲ್ಲಿ, ಒಂದು ಸಂಗತಿ ನಡೆಯದಿರುವುದೇ ಮುಂದಿನದಕ್ಕೆ ಕಾರಣವಾಗುವುದರಿಂದ, ‘ಅನ್‌ಲೆಸ್’ ಹಾಕಿದರೆ ಅರ್ಥವೇ ಕೆಟ್ಟುಹೋಗುತ್ತದೆ. ‘ಅನ್‌ಲೆಸ್’ ನಂತರದ ಉಪವಾಕ್ಯದಲ್ಲಿ ‘ವಿಲ್’ ಅಥವಾ ‘ವುಡ್’ ಬರುವುದಿಲ್ಲ ಎಂಬ ಎಚ್ಚರಿಕೆಯನ್ನೂ ತಾಣ ಕೊಡುತ್ತದೆ. ಭವಿಷ್ಯದ ಮಾತಾದ್ದರಿಂದ ಭವಿಷ್ಯತ್ ರೂಪವನ್ನೇ ಹಾಕಬೇಕು ಎಂಬ ತರ್ಕದಿಂದ ‘ಅನ್‌ಲೆಸ್ ದೆ ವಿಲ್ ಪೇ’ ಎಂದು ಬರೆಯುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಇದು ನಮಗೆ ತೀರ ಬೇಕಾದ ಎಚ್ಚರಿಕೆ.

ಇದೇ ಪ್ರಸಂಗದಲ್ಲಿ, ಭಾರತದ ಕಚೇರಿಗಳಲ್ಲಿ ದಿನವೂ ಕೇಳಿಬರುವ ‘ಅಂಟಿಲ್ ಅಂಡ್ ಅನ್‌ಲೆಸ್’ ಬಗ್ಗೆ ಒಂದು ಮಾತು. ಇದನ್ನು ನಮ್ಮವರು ತಾವೇ ಹುಟ್ಟಿಸಿಕೊಂಡ ತಪ್ಪು ಎಂದು ತಳ್ಳಿಹಾಕುವವರಿದ್ದಾರೆ. ಆದರೆ 1872ರ ಭಾರತೀಯ ಕರಾರು ಅಧಿನಿಯಮದ 32ನೇ ಪ್ರಕರಣವನ್ನು ತೆರೆದರೆ, ಅನಿಶ್ಚಿತ ಘಟನೆಯೊಂದನ್ನು ಅವಲಂಬಿಸಿದ ಕರಾರನ್ನು ಆ ಘಟನೆ ನಡೆಯುವ ‘ಅನ್‌ಲೆಸ್ ಅಂಡ್ ಅಂಟಿಲ್’ ಜಾರಿಗೊಳಿಸಲಾಗದು ಎಂದು ಅಲ್ಲಿ ಬರೆದಿದೆ. ಎರಡು ಪದಗಳನ್ನು ಒಟ್ಟಿಗೆ ಇಟ್ಟದ್ದಕ್ಕೆ ಅಲ್ಲಿ ಕಾರಣವಿದೆ: ಒಂದು ಪದ ಷರತ್ತನ್ನು ಹೇಳುತ್ತದೆ, ಇನ್ನೊಂದು ಕಾಲವನ್ನು ಹೇಳುತ್ತದೆ. ಕಾನೂನಿನ ಬರಹದಲ್ಲಿ ಒಪ್ಪುವ ಈ ಜೋಡಿ ದಿನನಿತ್ಯದ ಇಮೇಲಿನಲ್ಲಿ ಅನವಶ್ಯಕ ಭಾರವಾಗುತ್ತದೆ. ‘ಮ್ಯಾನೇಜರ್ ಒಪ್ಪುವವರೆಗೆ’ ಎಂದಾದರೆ ‘ಅಂಟಿಲ್’ ಸಾಕು, ‘ಒಪ್ಪಿದ ಹೊರತು’ ಎಂದಾದರೆ ‘ಅನ್‌ಲೆಸ್’ ಸಾಕು. ಎರಡರಲ್ಲಿ ನಮಗೆ ಬೇಕಾದದ್ದು ಯಾವುದು ಎಂದು ಒಂದು ಕ್ಷಣ ಯೋಚಿಸಿದರೆ ವಾಕ್ಯವೂ ಹಗುರವಾಗುತ್ತದೆ, ಹೇಳಬೇಕಾದದ್ದೂ ನಮಗೇ ಸ್ಪಷ್ಟವಾಗುತ್ತದೆ.

‘ಪ್ರೊವೈಡೆಡ್ ದಟ್’, ‘ಪ್ರೊವೈಡಿಂಗ್’, ‘ಆ್ಯಸ್ ಲಾಂಗ್ ಆ್ಯಸ್’, ‘ಸೋ ಲಾಂಗ್ ಆ್ಯಸ್’ ಈ ನಾಲ್ಕನ್ನೂ ತಾಣ ಒಂದೇ ಗುಂಪಿನಲ್ಲಿ ಇಟ್ಟು, ‘ಪ್ರೊವೈಡಿಂಗ್’ ಮಾತಿನಲ್ಲಿ ಹೆಚ್ಚೆಂದೂ ‘ಪ್ರೊವೈಡೆಡ್ ದಟ್’ ಬರಹಕ್ಕೆ ಸೇರಿದ ಔಪಚಾರಿಕ ರೂಪವೆಂದೂ ವಿಂಗಡಿಸುತ್ತದೆ. ಈ ವಿಂಗಡಣೆ ತುಂಬ ಉಪಯುಕ್ತವಾದದ್ದು. ‘ಇಫ್’ ಎಂದಾಗ ಷರತ್ತು ಕೇವಲ ಒಂದು ಸಾಧ್ಯತೆ. ‘ಪ್ರೊವೈಡೆಡ್ ದಟ್’ ಎಂದಾಗ ಅದು ಬೇಡಿಕೆ, ನಾವು ಕೊಡುವುದಕ್ಕೆ ಪ್ರತಿಯಾಗಿ ಅವರು ಮಾಡಲೇಬೇಕಾದದ್ದು. ‘30 ದಿನಗಳ ಸಾಲದ ಅವಧಿ ಕೊಡುತ್ತೇವೆ, ಪ್ರೊವೈಡೆಡ್ ದಟ್ ಹಿಂದಿನ ಬಾಕಿ ತೀರಿರಬೇಕು’ ಎಂಬ ಅರ್ಥದ ವಾಕ್ಯದಲ್ಲಿ ‘ಇಫ್’ ಹಾಕಿದರೆ ಆ ಕಟ್ಟು ಸಡಿಲವಾಗುತ್ತದೆ. ಅನಪೇಕ್ಷಿತ ಸಂಗತಿಗಳಿಗೆ ಈ ಪದ ಸಲ್ಲದು ಎಂಬುದೂ ಇದರಿಂದಲೇ ಹುಟ್ಟುವ ನಿಯಮ. ‘ಪ್ರೊವೈಡೆಡ್ ದಟ್ ಯಂತ್ರ ಕೆಟ್ಟುಹೋದರೆ’ ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ಯಂತ್ರ ಕೆಡಲಿ ಎಂಬ ಬೇಡಿಕೆ ಯಾರದ್ದೂ ಅಲ್ಲ. ನಮ್ಮ ಕಾಯ್ದೆಗಳಲ್ಲಿ ಒಂದು ನಿಯಮವನ್ನು ಹೇಳಿ, ಅದಕ್ಕೆ ಮಿತಿ ಹಾಕುವ ಹೊಸ ಪರಿಚ್ಛೇದವನ್ನು ‘ಪ್ರೊವೈಡೆಡ್ ದಟ್’ ಎಂದೇ ಆರಂಭಿಸುತ್ತಾರೆ, ಕನ್ನಡ ಪಠ್ಯದಲ್ಲಿ ಅದೇ ‘ಪರಂತು’ ಆಗಿ ಬರುತ್ತದೆ. ಕಾನೂನಿನ ಆ ಬಳಕೆಯ ಗಾಂಭೀರ್ಯ ಪತ್ರದ ವಾಕ್ಯಕ್ಕೂ ಸ್ವಲ್ಪ ಅಂಟಿಕೊಂಡಿದೆ. ‘ಆ್ಯಸ್ ಲಾಂಗ್ ಆ್ಯಸ್’ ವಿಷಯದಲ್ಲಿ ಮಾತ್ರ ನಾನು ತಾಣಕ್ಕಿಂತ ಹೆಚ್ಚು ಜಾಗರೂಕನಾಗಿರಬಯಸುತ್ತೇನೆ. ‘ಇರುವಷ್ಟು ಕಾಲ’ ಎಂಬ ಕಾಲದ ಅರ್ಥವೂ ಅದಕ್ಕೆ ಇರುವುದರಿಂದ, ಒಪ್ಪಂದದ ಕರಡಿನಲ್ಲಿ ಅದನ್ನು ಕಂಡವರು ಅವಧಿಯ ಮಾತೋ ಷರತ್ತಿನ ಮಾತೋ ಎಂದು ವಾದ ಹೂಡಬಹುದು. ಸಹೋದ್ಯೋಗಿಗೆ ಬರೆಯುವ ಸಂದೇಶದಲ್ಲಿ ಅದು ಚೆನ್ನಾಗಿ ಹೊಂದುತ್ತದೆ.

‘ಇಫ್’ ಪದವನ್ನು ಕೈಬಿಟ್ಟು ಕ್ರಿಯಾಪದವನ್ನೇ ವಾಕ್ಯದ ಮೊದಲಿಗೆ ತರುವ ರೂಪಗಳು ವೃತ್ತಿಯ ಇಂಗ್ಲಿಷಿನ ನಿಜವಾದ ಗುರುತು. ‘ಶುಡ್ ಯು ನೀಡ್ ಎನಿ ಫರ್ದರ್ ಇನ್ಫರ್ಮೇಶನ್’ ಎಂಬ ಸಾಲನ್ನು ಬ್ಯಾಂಕಿನ ಪತ್ರಗಳಲ್ಲಿ ಎಲ್ಲರೂ ಕಂಡಿದ್ದಾರೆ. ಇಲ್ಲಿ ‘ಶುಡ್’ ಎಂಬುದಕ್ಕೂ ‘ಮಾಡಬೇಕು’ ಎಂಬ ಅರ್ಥಕ್ಕೂ ಸಂಬಂಧವಿಲ್ಲ, ಅದು ‘ಒಂದು ವೇಳೆ ಬೇಕಾದಲ್ಲಿ’ ಎಂಬ ಸೌಜನ್ಯ. ಅವಶ್ಯಕತೆ ಬೀಳಲಾರದು, ಬಿದ್ದರೆ ನಾವಿದ್ದೇವೆ ಎಂಬ ಧ್ವನಿ ಅದರಲ್ಲಿದೆ. ಹೀಗಾಗಿ ಖಂಡಿತ ನಡೆಯುವ ಸಂಗತಿಗೆ ಇದನ್ನು ಬಳಸಬಾರದು. ನಾಳೆ ಖಚಿತವಾಗಿ ಬರಲಿರುವ ಅತಿಥಿಗೆ ‘ಶುಡ್ ಯು ಅರೈವ್’ ಎಂದು ಬರೆದರೆ, ಅವರ ಬರವಿನ ಬಗ್ಗೆಯೇ ನಮಗೆ ಅನುಮಾನವಿದ್ದಂತೆ ಕಾಣುತ್ತದೆ.

‘ಹ್ಯಾಡ್’ ರೂಪದ ಉಪಯೋಗ ಇನ್ನೂ ಸೂಕ್ಷ್ಮವಾದದ್ದು. ಆಗಿಹೋದ ತೊಂದರೆಯ ಬಗ್ಗೆ ಬರೆಯುವಾಗ ‘ಹ್ಯಾಡ್ ವಿ ಬೀನ್ ಇನ್ಫಾರ್ಮ್ಡ್ ಅರ್ಲಿಯರ್’ ಎಂದು ಆರಂಭಿಸಿದರೆ, ‘ಮೊದಲೇ ತಿಳಿಸಿದ್ದಿದ್ದರೆ’ ಎಂಬ ಅಸಮಾಧಾನ ಪೂರ್ತಿಯಾಗಿ ದಾಖಲಾಗುತ್ತದೆ, ಯಾರು ತಿಳಿಸಲಿಲ್ಲ ಎಂಬ ಬೆರಳು ಮಾತ್ರ ಏಳುವುದಿಲ್ಲ. ನಿಷೇಧ ಬರುವಾಗ ‘ನಾಟ್’ ಕರ್ತೃಪದದ ನಂತರ ಬಿಡಿಯಾಗಿ ನಿಲ್ಲಬೇಕು, ‘ಹ್ಯಾಡ್ ಇಟ್ ನಾಟ್ ಬೀನ್’ ಎಂದೇ ಬರೆಯಬೇಕು. ಅಲ್ಲಿ ‘ಹ್ಯಾಡಂಟ್’ ಎಂದು ಕೂಡಿಸಿ ಬರೆದರೆ ತಪ್ಪಾಗುತ್ತದೆ. ‘ವರ್ ಟು’ ಎಂಬುದನ್ನು ನಾನು ವಿಶೇಷವಾಗಿ ದರದ ಮಾತುಕತೆ ನಡೆಸುವವರಿಗೆ ಶಿಫಾರಸು ಮಾಡುತ್ತೇನೆ. ‘ಇಫ್ ಯು ವರ್ ಟು ಡಬಲ್ ದಿ ಆರ್ಡರ್, ವಿ ಮೈಟ್ ರಿವೈಸ್ ದಿ ಪ್ರೈಸ್’ ಎಂಬಲ್ಲಿ ಎರಡೂ ಕಡೆಯವರು ಇನ್ನೂ ಏನನ್ನೂ ಒಪ್ಪಿಕೊಂಡಿಲ್ಲ, ಸುಮ್ಮನೆ ಒಂದು ಸಾಧ್ಯತೆಯನ್ನು ಪರೀಕ್ಷಿಸುತ್ತಿದ್ದಾರೆ. ಅದೇ ಮಾತನ್ನು ‘ಇಫ್ ಯು ಡಬಲ್’ ಮತ್ತು ‘ವಿ ವಿಲ್ ರಿವೈಸ್’ ಎಂದು ಹೇಳಿದರೆ ಅದು ಭರವಸೆಯಾಗಿ, ನಾಳೆ ಎದುರಿನವರು ಅದನ್ನು ಹಿಡಿದು ಕೇಳುವಂತಾಗುತ್ತದೆ. ಭೂತಕಾಲದ ರೂಪ ಇಲ್ಲಿ ಕಾಲವನ್ನು ಸೂಚಿಸುತ್ತಿಲ್ಲ, ದೂರವನ್ನು ಸೂಚಿಸುತ್ತಿದೆ. ಕನ್ನಡದ ‘ಬಂದರೆ’, ‘ಕೊಟ್ಟರೆ’ ರೂಪಗಳು ನಾಳೆ ನಡೆಯಬಹುದಾದದ್ದಕ್ಕೂ ಕೇವಲ ಊಹೆಗೂ ಸಮಾನವಾಗಿ ಸಲ್ಲುವುದರಿಂದ, ಈ ದೂರವನ್ನು ನಾವು ಇಂಗ್ಲಿಷಿನಲ್ಲಿ ಪ್ರಯತ್ನಪೂರ್ವಕವಾಗಿಯೇ ಕಲಿಯಬೇಕಾಗುತ್ತದೆ.

ತಾಣದಲ್ಲಿ ‘ಇನ್ ಕೇಸ್’ ಎಂಬುದಕ್ಕೆ ಪ್ರತ್ಯೇಕ ಪುಟವೇ ಇದೆ. ನಮ್ಮ ಓದುಗರಿಗೆ ಇಡೀ ವಿಭಾಗದಲ್ಲಿ ಅತ್ಯಂತ ಪ್ರಯೋಜನಕಾರಿಯಾದ ಪುಟ ಇದೇ ಎಂದು ನನ್ನ ಅಭಿಪ್ರಾಯ. ‘ಇನ್ ಕೇಸ್’ ಎಂದರೆ ‘ಇಫ್’ ಅಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ‘ಇಫ್ ದಿ ಸರ್ವರ್ ಫೇಲ್ಸ್, ಕಾಲ್ ಮಿ’ ಎಂದರೆ ಸರ್ವರ್ ಕೆಟ್ಟ ಮೇಲೆ ಕರೆ ಮಾಡಬೇಕು. ‘ಟೇಕ್ ಎ ಬ್ಯಾಕಪ್ ಇನ್ ಕೇಸ್ ದಿ ಸರ್ವರ್ ಫೇಲ್ಸ್’ ಎಂದರೆ ಕೆಡುವ ಮೊದಲೇ, ಕೆಟ್ಟರೂ ಕೆಡಬಹುದು ಎಂದು, ಬ್ಯಾಕಪ್ ತೆಗೆದಿಟ್ಟುಕೊಳ್ಳಬೇಕು. ಒಂದರಲ್ಲಿ ಕೆಲಸ ಘಟನೆಯ ನಂತರ, ಇನ್ನೊಂದರಲ್ಲಿ ಮೊದಲು. ನಮ್ಮಲ್ಲಿ ‘ಇನ್ ಕೇಸ್ ಯು ಫೇಸ್ ಎನಿ ಇಶ್ಯೂ, ಕಾಲ್ ಮಿ’ ಎಂಬ ವಾಕ್ಯ ಎಲ್ಲೆಡೆ ಓಡಾಡುತ್ತದೆ, ಅಮೆರಿಕದ ಇಂಗ್ಲಿಷಿನಲ್ಲಿಯೂ ಈ ಬಳಕೆ ಇದೆ, ಹಾಗಾಗಿ ಅದರಿಂದ ದೊಡ್ಡ ಅನಾಹುತವೇನೂ ಆಗುವುದಿಲ್ಲ. ಆದರೆ ಸುರಕ್ಷತೆಯ ಸೂಚನೆಗಳಲ್ಲಿ, ಯಂತ್ರ ನಿರ್ವಹಣೆಯ ಕೈಪಿಡಿಗಳಲ್ಲಿ, ಯಾವಾಗ ಏನು ಮಾಡಬೇಕು ಎಂಬುದೇ ಮುಖ್ಯವಾದಾಗ, ಈ ವ್ಯತ್ಯಾಸವನ್ನು ಬಿಟ್ಟುಕೊಡಲಾಗದು. ‘ಕವಾಟವನ್ನು ಮುಚ್ಚಿ, ಇನ್ ಕೇಸ್ ಒತ್ತಡ ಏರಿದರೆ’ ಎಂಬರ್ಥದ ಸೂಚನೆಯನ್ನು ಒಬ್ಬ ತಂತ್ರಜ್ಞ ಈಗಲೇ ಮುಚ್ಚಬೇಕೆಂದೂ, ಇನ್ನೊಬ್ಬ ಒತ್ತಡ ಏರಿದಾಗ ಮುಚ್ಚಬೇಕೆಂದೂ ಓದಿಕೊಳ್ಳಲು ಸಾಧ್ಯವಿದೆ. ಅಂಥ ಕಡೆ ‘ಇಫ್’ ಒಂದೇ ಸರಿಯಾದ ಪದ. ಬದಲಿ ರೂಪಗಳನ್ನು ಕಲಿತವರು ಎಲ್ಲಿ ಅವನ್ನು ಬಳಸಬಾರದು ಎಂಬುದನ್ನೂ ಕಲಿಯಬೇಕು. ‘ಇನ್ ಕೇಸ್ ಆಫ್’ ಎಂಬುದು ಮಾತ್ರ ಬೇರೆ. ಅದರ ನಂತರ ನಾಮಪದ ಬರುತ್ತದೆ, ಲಿಫ್ಟಿನ ಪಕ್ಕದ ‘ಇನ್ ಕೇಸ್ ಆಫ್ ಫೈರ್’ ಫಲಕದಲ್ಲಿರುವಂತೆ ಅದು ‘ಬೆಂಕಿ ಬಿದ್ದಲ್ಲಿ’ ಎಂದೇ ಅರ್ಥ ಕೊಡುತ್ತದೆ. ವಿಮಾ ಪಾಲಿಸಿಗಳಲ್ಲಿ ಇದೇ ಕೆಲಸವನ್ನು ‘ಇನ್ ದಿ ಇವೆಂಟ್ ಆಫ್’ ಮಾಡುತ್ತದೆ.

‘ಆರ್’ ಮತ್ತು ‘ಅದರ್‌ವೈಸ್’ ಬಗ್ಗೆ ಪುಟ ಕೊಡುವ ಜಾಗ ಸ್ವಲ್ಪವೇ. ಅಷ್ಟು ಸಾಕು ಕೂಡ. ‘ಅದರ್‌ವೈಸ್’ ಎರಡು ಸ್ವತಂತ್ರ ವಾಕ್ಯಗಳನ್ನು ಜೋಡಿಸುವಾಗ ಅದರ ಹಿಂದೆ ಬರೀ ಅಲ್ಪವಿರಾಮ ಸಾಲದು, ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು ಎಂಬುದನ್ನು ನೆನಪಿಟ್ಟುಕೊಂಡರೆ ಆಯಿತು. ಇದಕ್ಕೆ ಸೇರಿದಂತೆ ನಮ್ಮ ನೋಟಿಸುಗಳ ‘ಫೇಲಿಂಗ್ ವಿಚ್’ ನೆನಪಾಗುತ್ತದೆ. ‘ಏಳು ದಿನಗಳೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು’ ಎಂಬ ನಮ್ಮ ಸರ್ಕಾರಿ ಕನ್ನಡದ ‘ತಪ್ಪಿದಲ್ಲಿ’ ಮತ್ತು ಅದು ಒಂದೇ ಸ್ವಭಾವದವು. ಕಾನೂನಿನ ನೋಟಿಸಿಗೆ ಅದು ತಕ್ಕದ್ದೇ. ತಿಂಗಳ ವರದಿ ಕಳಿಸಲು ಸಹೋದ್ಯೋಗಿಗೆ ನೆನಪಿಸುವ ಇಮೇಲಿನಲ್ಲಿ ಅದು ಬಂದರೆ, ಕೇಳಿಕೆ ಬೆದರಿಕೆಯಾಗಿಬಿಡುತ್ತದೆ.

ಈಗ ಈ ಪುಟದ ಮಿತಿಗಳ ಮಾತು. ಒಪ್ಪಂದ, ಟೆಂಡರ್, ನೇಮಕಾತಿ ಪತ್ರ ಇವುಗಳಲ್ಲಿ ಷರತ್ತು ಬಹುಪಾಲು ಉಪವಾಕ್ಯವಾಗಿ ಬರುವುದೇ ಇಲ್ಲ, ನಾಮಪದದ ಜೊತೆ ಹೆಣೆದುಕೊಂಡು ಬರುತ್ತದೆ. ‘ಸಬ್ಜೆಕ್ಟ್ ಟು ಅಪ್ರೂವಲ್’ (ಒಪ್ಪಿಗೆಗೆ ಒಳಪಟ್ಟು), ‘ಕಂಟಿಂಜೆಂಟ್ ಆನ್ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್’ (ಹಿನ್ನೆಲೆಯ ಪರಿಶೀಲನೆಯನ್ನು ಅವಲಂಬಿಸಿ), ‘ಪೆಂಡಿಂಗ್ ಕ್ಲಿಯರೆನ್ಸ್’ (ಅನುಮತಿ ಬರುವವರೆಗೆ), ‘ಬಾರಿಂಗ್ ಡಿಲೇಸ್’ (ವಿಳಂಬವಾಗದಿದ್ದಲ್ಲಿ) ಇವು ಆ ಜಾತಿಯವು. ಇಂಥವನ್ನು ತಾಣದ ವ್ಯಾಕರಣಕ್ಕಿಂತ ನಿಘಂಟಿನ ಭಾಗದಲ್ಲಿ, ಒಂದೊಂದೇ ಪದ ಹಾಕಿ, ಉದಾಹರಣೆ ವಾಕ್ಯಗಳ ಮೂಲಕ ಕಲಿಯಬೇಕು. ಇವುಗಳಲ್ಲಿ ‘ಸಬ್ಜೆಕ್ಟ್ ಟು’ ಬಹಳ ಶಕ್ತಿಯುಳ್ಳದ್ದು. ನಮ್ಮ ಸಂವಿಧಾನದ 25ನೇ ಅನುಚ್ಛೇದ ಧರ್ಮಸ್ವಾತಂತ್ರ್ಯವನ್ನು ಕೊಡುವ ಮೊದಲೇ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ‘ಸಬ್ಜೆಕ್ಟ್ ಟು’ ಎಂದು ವಾಕ್ಯವನ್ನು ಆರಂಭಿಸುತ್ತದೆ. ಹಕ್ಕು ಹೇಳುವುದಕ್ಕೂ ಮುಂಚೆ ಅದರ ಎಲ್ಲೆ ಬರುತ್ತದೆ. ಕೆಲಸದ ಆಫರ್ ಲೆಟರಿನಲ್ಲಿ ಇದೇ ಎರಡು ಪದಗಳನ್ನು ಕಂಡ ಯುವಕರು ‘ಆಯ್ಕೆಯಾಯಿತು’ ಎಂಬುದನ್ನು ಮಾತ್ರ ಓದಿ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಡುವುದುಂಟು. ಷರತ್ತನ್ನು ಬರೆಯುವುದಕ್ಕಿಂತ ಮೊದಲು ಓದಿ ಗುರುತಿಸಲು ಬರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

‘ಅಸ್ಯೂಮಿಂಗ್ ದಟ್’ ಬಗ್ಗೆಯೂ ಇದೇ ರೀತಿ ಹೆಚ್ಚಿನ ಓದು ಬೇಕು. ಅಂದಾಜು ವೆಚ್ಚ, ಕೆಲಸದ ವೇಳಾಪಟ್ಟಿ ಇಂಥವನ್ನು ಬರೆಯುವವರಿಗೆ ಅದು ಬಹಳ ಉಪಕಾರಿ. ‘ಸಾಮಗ್ರಿ 10ನೇ ತಾರೀಖಿಗೆ ತಲುಪುತ್ತದೆ ಎಂದು ಇಟ್ಟುಕೊಂಡು ಈ ದಿನಾಂಕ ಕೊಟ್ಟಿದ್ದೇವೆ’ ಎಂಬುದು ಅದರ ಭಾವ. ಲೆಕ್ಕ ಯಾವ ಆಧಾರದ ಮೇಲೆ ನಿಂತಿದೆ ಎಂದು ಮೊದಲೇ ಹೇಳಿಬಿಟ್ಟರೆ, ಆಧಾರ ಕುಸಿದಾಗ ದಿನಾಂಕ ಬದಲಾಗುವುದು ಎಲ್ಲರಿಗೂ ಸಹಜವೆನಿಸುತ್ತದೆ. ‘ಗಿವನ್ ದಟ್’ ಇದರ ನೆರೆಯ ಪದವಾದರೂ ಷರತ್ತಲ್ಲ. ಅದು ಈಗಾಗಲೇ ನಿಜವೆಂದು ಒಪ್ಪಿಕೊಂಡ ಸಂಗತಿಯನ್ನು ಹೇಳುತ್ತದೆ. ಇವೆರಡನ್ನು ಅದಲು ಬದಲು ಮಾಡಿದರೆ ಊಹೆಯೇ ಒಪ್ಪಿಗೆಯಾಗಿ ದಾಖಲಾಗಿಬಿಡುತ್ತದೆ.

ಇನ್ನೆರಡು ಕೊರತೆಗಳು. ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಮೊದಲ ಕೆಲವು ಪುಟಗಳು ಕಷ್ಟವೆನಿಸುತ್ತವೆ. ಪುಟಗಳು ಚದುರಿಕೊಂಡಿರುವುದು ಎರಡನೆಯದು. ಷರತ್ತಿನ ಒಂದೇ ವಿಷಯಕ್ಕೆ ‘ಇಫ್’ ಪುಟ ಒಂದು, ಊಹೆಯ ಸನ್ನಿವೇಶಗಳ ಪುಟ ಇನ್ನೊಂದು, ‘ಅನ್‌ಲೆಸ್’ ಪುಟ ಮತ್ತೊಂದು ಎಂದು ಕೊಂಡಿಗಳನ್ನು ಹಿಡಿದು ಓಡಾಡಬೇಕು. ತಿಳಿಯಬೇಕಾದದ್ದನ್ನು ಹುಡುಕಿ ನೋಡಲು ಈ ಏರ್ಪಾಡು ಒಳ್ಳೆಯದು, ಮೊದಲಿಂದ ಕಲಿಯುವವರಿಗೆ ಅಷ್ಟು ಒಗ್ಗುವುದಿಲ್ಲ. ಅಂಥವರು ಬ್ರಿಟಿಷ್ ಕೌನ್ಸಿಲ್ ನಡೆಸುವ ‘ಲರ್ನ್ ಇಂಗ್ಲಿಷ್’ ತಾಣವನ್ನು ಜೊತೆಗೆ ಇಟ್ಟುಕೊಳ್ಳುವುದು ಉತ್ತಮ. ಅಲ್ಲಿ ವ್ಯಾಕರಣವನ್ನು ಎ1 ಎಂಬ ಆರಂಭಿಕ ಹಂತದಿಂದ ಮೇಲಕ್ಕೆ, ಯುರೋಪಿನ ಭಾಷಾ ಮಾನದಂಡದ ಹಂತಗಳಿಗೆ ಹೊಂದಿಸಿ ಪಾಠಗಳಾಗಿ ಕೊಟ್ಟಿದ್ದಾರೆ, ಪಾಠದ ಜೊತೆಗೆ ಸಣ್ಣ ಪರೀಕ್ಷೆಗಳೂ ಇವೆ. ಕ್ರಿಯಾಪದವನ್ನು ಮುಂದಕ್ಕೆ ತರುವ ಷರತ್ತಿನ ರೂಪಗಳು ಅಲ್ಲಿ ಸಿ1 ಎಂಬ ಉನ್ನತ ಹಂತದಲ್ಲಿ ಬರುತ್ತವೆ. ಇವು ಎಷ್ಟು ಮುಂದಿನ ಕಲಿಕೆಗೆ ಸೇರಿದವು ಎಂಬುದು ಅದರಿಂದ ಗೊತ್ತಾಗುತ್ತದೆ, ತಕ್ಷಣ ಕೈಗೆ ಬರಲಿಲ್ಲವೆಂದು ಯಾರೂ ಧೈರ್ಯಗೆಡಬೇಕಾಗಿಲ್ಲ. ಆದರೂ ಔಪಚಾರಿಕತೆಯ ಸೂಚನೆಗಳಿಗೆ ಮತ್ತು ತಪ್ಪು ಬಳಕೆಯ ಎಚ್ಚರಿಕೆಗಳಿಗೆ ನಾನು ಮರಳಿ ಹೋಗುವುದು ಕೇಂಬ್ರಿಡ್ಜಿಗೇ.

ಬೆಲೆಯ ಮಾತಿಗೆ ಬಂದರೆ, ವ್ಯಾಕರಣದ ಪುಟಗಳನ್ನು ಓದಲು ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಾಗಿಯೂ ಇಲ್ಲ. ಪುಟದ ಅಂಚಿನಲ್ಲಿ ಜಾಹೀರಾತುಗಳು ಬರುತ್ತವೆ, ಅಷ್ಟೆ. ಕೆಲಸದ ನಡುವೆ ಸಮಯ ಕಡಿಮೆ ಇರುವವರು ಮೊದಲು ‘ಇನ್ ಕೇಸ್’ ಪುಟವನ್ನು ಓದಲಿ, ಏಕೆಂದರೆ ನಾವು ದಿನವೂ ಬಳಸುವುದು ಅದನ್ನೇ. ಆಮೇಲೆ ‘ಅನ್‌ಲೆಸ್’, ಅದಾದ ನಂತರ ಬದಲಿ ರೂಪಗಳ ಪುಟ. ಪ್ರತಿಯೊಂದನ್ನು ಓದಿದಾಗಲೂ ತಾವು ಈಚೆಗೆ ಕಳಿಸಿದ ಒಂದು ನಿಜವಾದ ಇಮೇಲನ್ನು ತೆರೆದು, ಅದರಲ್ಲಿನ ‘ಇಫ್’ ಸಾಲನ್ನು ಸೌಜನ್ಯಕ್ಕಾಗಿ ಒಮ್ಮೆ, ಬಿಗಿಯಾದ ಷರತ್ತಿಗಾಗಿ ಒಮ್ಮೆ, ಬರೀ ಸಾಧ್ಯತೆಯಾಗಿ ಒಮ್ಮೆ ಬರೆದು ನೋಡಲಿ. ಟೆಂಡರ್ ಮತ್ತು ಒಪ್ಪಂದಗಳ ವಿಭಾಗದಲ್ಲಿ ಕೆಲಸ ಮಾಡುವವರು ಇದರ ಜೊತೆಗೆ ‘ಸಬ್ಜೆಕ್ಟ್ ಟು’ ಎಂಬುದನ್ನು ನಿಘಂಟಿನ ಭಾಗದಲ್ಲಿ ಹುಡುಕಿ, ಅಲ್ಲಿನ ಉದಾಹರಣೆಗಳನ್ನು ತಮ್ಮ ಕಚೇರಿಯ ಹಳೆಯ ಕರಡುಗಳೊಂದಿಗೆ ಹೋಲಿಸಿ ಓದುವುದು ಒಳ್ಳೆಯದು.